ಹಳೆ ಜೀನ್ಸು, ಇಳಕಲ್ ದಡಿ: ದಿನಬಳಕೆಗೊಂದು ಚೆಂದದ ಪೌಚ್

ಹಳೆ ಬಟ್ಟೆಯಲ್ಲಿ ಹೊಲಿದ ಪೌಚುಗಳು ಹೆಚ್ಚಾಗಿ ಎರಡು ಕಾರಣಕ್ಕೆ ಮೂಲೆ ಸೇರುತ್ತವೆ. ಒಂದು, ನೋಡಿದ ಕೂಡಲೇ ಯಾವುದೋ ಹರಕಲು ಬಟ್ಟೆಯದು ಎಂದು ಗೊತ್ತಾಗುವ ಸೊರಗಿದ ರೂಪ. ಇನ್ನೊಂದು, ಕೆಲವೇ ತಿಂಗಳಲ್ಲಿ ಜಿಪ್ಪಿನ ಪಕ್ಕದಲ್ಲೋ ಹಿಡಿಕೆಯ ಬುಡದಲ್ಲೋ ಬಟ್ಟೆ ಪಿಸಿದುಬಿಡುವುದು. ಎರಡಕ್ಕೂ ಮೂಲ ಒಂದೇ. ಯಾವ ಬಟ್ಟೆಯಲ್ಲಿ ಇನ್ನೂ ತ್ರಾಣವಿದೆ, ಯಾವುದರಲ್ಲಿ ಬರೀ ಅಂದ ಉಳಿದಿದೆ ಎಂದು ವಿಂಗಡಿಸದೆ ಕತ್ತರಿ ಆಡಿಸಿದ್ದು. ಇಲ್ಲಿ ಹೇಳುವ ಪೌಚಿನಲ್ಲಿ ಕೆಲಸವನ್ನು ಮೊದಲೇ ಹಂಚಿಬಿಟ್ಟಿದ್ದೇನೆ. ಭಾರ ಹೊರುವುದು ಹಳೆ ಜೀನ್ಸು, ಕಣ್ಣಿಗೆ ಹಬ್ಬವಾಗುವುದು ಹಳೆ ಇಳಕಲ್ ಸೀರೆಯ ದಡಿ, ಒಳಗೆ ಮೆತ್ತಗಿರುವುದು ಹಳೆ ಶರ್ಟು. ದಡಿಯ ಮೇಲೆ ಎಳೆತ ಬೀಳುವುದಿಲ್ಲ, ಜೀನ್ಸಿಗೆ ಸಿಂಗಾರದ ಹೊರೆಯಿಲ್ಲ.

ಈ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಸವೆದ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರದ ಮೇಲೆ ಪದರ ಹಾಸಿ, ಉದ್ದಕ್ಕೂ ಸಣ್ಣ ಹೊಲಿಗೆ ಓಡಿಸುತ್ತಾರೆ. ಬಿಡಿಬಿಡಿಯಾಗಿ ಎಳೆದರೆ ಚರ್ರನೆ ಹರಿಯುವ ತುಂಡುಗಳು ಒಟ್ಟುಗೂಡಿದ ಮೇಲೆ ವರ್ಷಗಟ್ಟಲೆ ಬಾಳುತ್ತವೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಹಳೆ ಬಟ್ಟೆಗೆ ಬಲ ಬರುವುದು ಅಂಟಿನಿಂದಲ್ಲ, ಪದರ ಮತ್ತು ಹೊಲಿಗೆಯಿಂದ. ಹಾಗಾಗಿ ಇಸ್ತ್ರಿಯಿಂದ ಅಂಟಿಸುವ ಬಕ್ರಮ್ಮನ್ನು ನಾನಿಲ್ಲಿ ಎಲ್ಲಿಯೂ ಬಳಸಿಲ್ಲ. ನಾಲ್ಕು ಸಲ ಒಗೆದರೆ ಅದು ಗುಳ್ಳೆ ಏಳುತ್ತದೆ.

ಹೊಲಿದು ಮುಗಿದಾಗ ಪೌಚ್ ಮೇಲ್ಗಡೆ 9 ಇಂಚು ಅಗಲ, ಸುಮಾರು 6 ಇಂಚು ಎತ್ತರ ಇರುತ್ತದೆ. ತಳ 7 ಇಂಚು ಉದ್ದ, 2 ಇಂಚು ಅಗಲ. ಮೊಬೈಲು, ಕನ್ನಡಕದ ಡಬ್ಬಿ, ಸಣ್ಣ ಪರ್ಸು, ಬೀಗದ ಕೈ, ಮಾತ್ರೆಯ ಪಟ್ಟಿ, ಒಂದು ಕರ್ಚೀಫು ಇಷ್ಟಕ್ಕೆ ಸಾಕು. ನೀರಿನ ಬಾಟಲಿ ಹಿಡಿಸುವುದಿಲ್ಲ, ಹಿಡಿಸಬೇಕೆಂದು ಆಸೆಪಡಲೂ ಬೇಡಿ. ಎಲ್ಲವನ್ನೂ ತುರುಕುವಷ್ಟು ದೊಡ್ಡದು ಮಾಡಿದರೆ ಅದು ಚೀಲವಾಗುತ್ತದೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಂದು ಹಳೆ ಜೀನ್ಸ್ ಪ್ಯಾಂಟು. ಜೇಬಿರುವ ಒಂದು ಹಳೆ ಹತ್ತಿ ಶರ್ಟು. ಇಳಕಲ್ ಸೀರೆಯ ದಡಿಯ ತುಂಡು. ದಡಿ ಇಲ್ಲದಿದ್ದರೆ ಗುಳೇದಗುಡ್ಡದ ಖಣದ ಕುಪ್ಪಸದ ಬೆನ್ನು ಅಥವಾ ಯಾವುದೇ ಕೈಮಗ್ಗದ ಸೀರೆಯ ಅಂಚು ನಡೆಯುತ್ತದೆ. ನೈಲಾನ್ ಜಿಪ್ ಒಂದು ಅಡಿ ಮತ್ತು ಒಂದು ರನ್ನರ್. ಗಟ್ಟಿ ಪಾಲಿಯೆಸ್ಟರ್ ದಾರ. ಮಷಿನ್ನಿಗೆ 16ನೇ ನಂಬರಿನ ಸೂಜಿ. ಟೇಪು, ಸೀಮೆಸುಣ್ಣ, ಗುಂಡುಸೂಜಿ, ಇಸ್ತ್ರಿಪೆಟ್ಟಿಗೆ, ಬಟ್ಟೆಗೆಂದೇ ಇಟ್ಟ ಕತ್ತರಿ. ಕಾಗದ ಕತ್ತರಿಸಿದ ಕತ್ತರಿಗೆ ಜೀನ್ಸು ಬಗ್ಗುವುದಿಲ್ಲ.

ಹಣ ಕೊಟ್ಟು ತರಬೇಕಾದದ್ದು ಜಿಪ್ಪು ಮತ್ತು ಸೂಜಿ ಮಾತ್ರ. ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ಜಿಪ್ಪನ್ನು ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ರನ್ನರನ್ನು ಬಿಡಿಯಾಗಿ ಮಾರುತ್ತಾರೆ. ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಗಳಲ್ಲಂತೂ ಬಣ್ಣ ಆರಿಸುವುದೇ ಕಷ್ಟ. ‘ಐದನೇ ನಂಬರ್’ ಎಂದು ಕೇಳಿ. ಮುಚ್ಚಿದಾಗ ಹಲ್ಲಿನ ಸಾಲು ಸುಮಾರು ಎಷ್ಟು ಮಿಲಿಮೀಟರ್ ಅಗಲವೋ ಅದೇ ಜಿಪ್ಪಿನ ನಂಬರು. ಮೂರನೇ ನಂಬರ್ ಚೂಡಿದಾರಕ್ಕೆ ಸರಿ. ದಿನಕ್ಕೆ ಹತ್ತಾರು ಸಲ ಎಳೆಯುವ ಪೌಚಿಗೆ ಅದು ಸೊರಗುತ್ತದೆ. ಲೋಹದ ಹಲ್ಲಿನ ಜಿಪ್ ಬೇಡ. ಅದನ್ನು ಮನೆಯ ಕತ್ತರಿಯಿಂದ ಕತ್ತರಿಸಲಾಗುವುದಿಲ್ಲ, ಹಲ್ಲಿಗೆ ಸೂಜಿ ತಾಗಿದರೆ ಮುರಿಯುತ್ತದೆ.

ಹಂತ 1: ಬಟ್ಟೆ ಆರಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯಬೇಕಾದ ಹಂತ ಇದೇ. ಹೊಲಿಗೆ ಬಂದವರೂ ಇಲ್ಲಿ ಅವಸರ ಮಾಡುತ್ತಾರೆ.

ಜೀನ್ಸನ್ನು ಒಗೆದು, ಒಣಗಿಸಿ, ಬೆಳಕಿಗೆ ಹಿಡಿಯಿರಿ. ಮಂಡಿಯ ಭಾಗ, ತೊಡೆಯ ಒಳಬದಿ ಮತ್ತು ಕೂರುವ ಜಾಗದಲ್ಲಿ ಬೆಳಕು ತೂರಿಬಂದರೆ ಆ ಭಾಗ ಬಿಟ್ಟುಬಿಡಿ. ತೊಡೆಯ ಹೊರಬದಿ ಮತ್ತು ಮಂಡಿಯ ಕೆಳಗಿನ ಮೀನಖಂಡದ ಜಾಗ ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತದೆ. ಅನುಮಾನವಿದ್ದರೆ ಬಟ್ಟೆಯನ್ನು ಎರಡೂ ಕೈಯ ಹೆಬ್ಬೆರಳಿನ ನಡುವೆ ಬಿಗಿಯಾಗಿ ಹಿಡಿದು ಜಗ್ಗಿ. ಎಳೆಗಳು ಬಿಡಿಸಿಕೊಂಡ ಸಣ್ಣ ಸದ್ದು ಕೇಳಿದರೆ ಅದು ಪೌಚಿಗೆ ಲಾಯಕ್ಕಲ್ಲ.

ಇನ್ನೊಂದು ಪರೀಕ್ಷೆ ಹಿಗ್ಗುವಿಕೆಯದು. ಈಗಿನ ಜೀನ್ಸುಗಳಲ್ಲಿ ಬಹುಪಾಲು ಅಡ್ಡಕ್ಕೆ ಹಿಗ್ಗುತ್ತವೆ. ಹೊಕ್ಕಿನ ಎಳೆಯಲ್ಲಿ ಹಿಗ್ಗುವ ನೂಲು ಸೇರಿಸಿರುತ್ತಾರೆ, ಹಾಸಿನಲ್ಲಿ ಇರುವುದಿಲ್ಲ. ಅಡ್ಡಕ್ಕೆ ಹಿಗ್ಗುವ ಅಂಚಿಗೆ ಜಿಪ್ ಹೊಲಿದರೆ ಅಲೆಅಲೆಯಾಗಿ ಸುರುಟುತ್ತದೆ. ಎಷ್ಟು ಇಸ್ತ್ರಿ ಹಾಕಿದರೂ ನೆಟ್ಟಗಾಗದು. ಉಪಾಯ ಸರಳ: ಕತ್ತರಿಸುವ ತುಂಡಿನ 10 ಇಂಚಿನ ಅಗಲವನ್ನು ಪ್ಯಾಂಟಿನ ಕಾಲಿನ ಉದ್ದಕ್ಕೆ ಬರುವಂತೆ ಗುರುತು ಹಾಕಿ. ಆಗ ಜಿಪ್ ಕೂರುವ ಅಂಚು ಹಾಸಿನ ದಿಕ್ಕಿಗೆ ಬಂದು ಗಟ್ಟಿಯಾಗಿ ನಿಲ್ಲುತ್ತದೆ. ಹಿಗ್ಗದ ಹಳೆಯ ಕಾಲದ ಜೀನ್ಸಾದರೂ ಹೀಗೇ ಕತ್ತರಿಸಿ, ನಷ್ಟವಿಲ್ಲ.

ಜೀನ್ಸಿನ ಬಣ್ಣದ ಬಗ್ಗೆಯೂ ಒಂದು ಮಾತು. ಅದರಲ್ಲಿ ಹಾಸಿನ ಎಳೆ ನೀಲಿ, ಹೊಕ್ಕಿನ ಎಳೆ ಬಿಳಿ. ಆದ್ದರಿಂದಲೇ ಒಳಬದಿ ತಿಳಿಯಾಗಿ ಕಾಣುತ್ತದೆ. ನೀಲಿ ಬಣ್ಣ ನೂಲಿನ ತಿರುಳಿಗೆ ಇಳಿಯದೆ ಮೇಲ್ಮೈಯಲ್ಲೇ ಕೂರುವುದರಿಂದ ಉಜ್ಜಿದಲ್ಲೆಲ್ಲ ಬಿಡುತ್ತದೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ. ನೀಲಿ ಅಂಟಿದರೆ ಇನ್ನೆರಡು ಸಲ ಬೇರೆಯಾಗಿ ಒಗೆಯಿರಿ. ಇಲ್ಲವಾದರೆ ಒಳಗಿನ ತಿಳಿಬಣ್ಣದ ಲೈನಿಂಗೂ ನಿಮ್ಮ ಬಿಳಿ ಕುರ್ತಾವೂ ಒಟ್ಟಿಗೆ ನೀಲಿಯಾದಾವು. ಹಳೆ ಬಟ್ಟೆಯ ಒಂದು ಲಾಭವನ್ನೂ ಹೇಳಬೇಕು. ಕುಗ್ಗುವುದೆಲ್ಲ ಕುಗ್ಗಿ ಆಗಿರುತ್ತದೆ. ಹೊಸ ಬಟ್ಟೆಯ ಪೌಚು ಮೊದಲ ಒಗೆತಕ್ಕೆ ಸುಕ್ಕಾಗುವ ಭಯ ಇಲ್ಲಿಲ್ಲ.

ಮನೆಯಲ್ಲಿ ಹಳೆ ಜೀನ್ಸೇ ಇಲ್ಲವೆನ್ನುವವರು ಬಳ್ಳಾರಿ ಕಡೆಯವರಾಗಿದ್ದರೆ ಚಿಂತೆಯಿಲ್ಲ. ಜೀನ್ಸ್ ಹೊಲಿಯುವ ಘಟಕಗಳು ಆ ಊರಿನಲ್ಲಿ ಓಣಿ ಓಣಿಗೂ ಇವೆ. ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ತರಬಹುದು. ಆದರೆ ಅವು ಒಗೆಯದ ಬಟ್ಟೆ. ಬಿಸಿನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು.

ಈಗ ದಡಿ. ಇಳಕಲ್ ಸೀರೆಯ ಮೈ ಹೆಚ್ಚಾಗಿ ಹತ್ತಿಯದು, ಸೆರಗು ಮತ್ತು ದಡಿ ರೇಷ್ಮೆ ಅಥವಾ ಆರ್ಟ್ ಸಿಲ್ಕಿನದು. ಹಳೆ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಟ್ರಂಕಿನಲ್ಲಿ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಮಲಗಿದ ಸೀರೆಯನ್ನು ಬಿಡಿಸಿ ನೋಡಿದರೆ ಗೊತ್ತಾಗುತ್ತದೆ. ಆ ಗೆರೆಗಳನ್ನು ತಪ್ಪಿಸಿ ತುಂಡು ತೆಗೆಯಿರಿ. ನೆಲಕ್ಕೆ ತಾಗುವ ಕೆಳದಡಿ ಬೇಗ ಸವೆಯುತ್ತದೆ, ಸೊಂಟಕ್ಕೆ ಸಿಕ್ಕಿಸುವ ಮೇಲ್ದಡಿ ಎಷ್ಟೋ ಸಲ ಗಟ್ಟಿಯಾಗಿಯೇ ಉಳಿದಿರುತ್ತದೆ. ಗೋಮಿಯೋ ಗಾಡಿಯೋ ಚಿಕ್ಕಿ ಪರಾಸವೋ, ಯಾವ ದಡಿಯಾದರೂ ಜೀನ್ಸಿನ ನೀಲಿಯ ಮೇಲೆ ಕೆಂಪು ಚೆನ್ನಾಗಿ ಏಳುತ್ತದೆ. ಕೆಂಪು ಬಿಳಿಯ ಟೋಪ್‌ತೆನಿ ಸೆರಗಿನ ತುಂಡು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಇಡೀ ಸೆರಗು ಚೆನ್ನಾಗಿರುವ ಸೀರೆಯನ್ನು ಒಂದು ಪೌಚಿಗಾಗಿ ಕತ್ತರಿಸಬೇಡಿ. ಅದು ಉಡುವ ಸೀರೆ. ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಳ್ಳಲು ಮೂಟೆ ಕಟ್ಟಿಟ್ಟ ಸೀರೆಗಳಲ್ಲೇ ಬೇಕಾದಷ್ಟು ದಡಿ ಸಿಗುತ್ತದೆ.

ಹಂತ 2: ರಟ್ಟಿನ ಅಚ್ಚು

ಮದುವೆ ಕರೆಯೋಲೆಯ ದಪ್ಪ ಕಾಗದವಾಗಲಿ ಬಿಸ್ಕತ್ತಿನ ರಟ್ಟಾಗಲಿ ತೆಗೆದುಕೊಂಡು 10 ಇಂಚು ಅಗಲ, 7.5 ಇಂಚು ಎತ್ತರದ ಆಯತ ಬರೆದುಕೊಳ್ಳಿ. ಕೆಳಗಿನ ಎರಡು ಮೂಲೆಗಳಲ್ಲಿ ಒಂದೊಂದು ಇಂಚಿನ ಚೌಕ ಗುರುತಿಸಿ ಕತ್ತರಿಸಿ ತೆಗೆಯಿರಿ. ಈ ಚೌಕಗಳೇ ಮುಂದೆ ಪೌಚಿಗೆ ತಳ ಕೊಡುತ್ತವೆ. ಚೌಕದ ಅಳತೆಯ ಎರಡರಷ್ಟು ತಳದ ಅಗಲ ಬರುತ್ತದೆ. ಒಂದು ಇಂಚಿನ ಚೌಕಕ್ಕೆ ಎರಡು ಇಂಚಿನ ತಳ, ಒಂದೂವರೆಗೆ ಮೂರು. ಈ ಲೆಕ್ಕ ಸರಿಹೋಗಬೇಕಾದರೆ ಬದಿ, ತಳ, ಮೂಲೆ ಮೂರಕ್ಕೂ ಒಂದೇ ಅರ್ಧ ಇಂಚಿನ ಮಾರ್ಜಿನ್ ಬಿಡಬೇಕು. ಹೊಲಿಗೆಯ ಮಾರ್ಜಿನ್ ಅಚ್ಚಿನ ಅಳತೆಯಲ್ಲೇ ಸೇರಿದೆ, ಬೇರೆ ಸೇರಿಸಬೇಡಿ.

ಹಂತ 3: ಕತ್ತರಿಸುವುದು

ಪ್ಯಾಂಟಿನ ಕಾಲನ್ನು ಒಳಬದಿಯ ಹೊಲಿಗೆಯ ಗುಂಟ ಸೀಳಿ ಬಿಡಿಸಿ, ಇಸ್ತ್ರಿ ಹಾಕಿ, ನೆಲದ ಮೇಲೆ ಚಪ್ಪಟೆ ಹಾಸಿ. ಅಚ್ಚಿಟ್ಟು ಸೀಮೆಸುಣ್ಣದಿಂದ ಎರಡು ಸಲ ಗುರುತು ಹಾಕಿ. ಪ್ಯಾಂಟಿನ ದಪ್ಪ ಹೊಲಿಗೆ ಅಚ್ಚಿನ ಒಳಗೆ ಬರದಂತೆ ನೋಡಿಕೊಳ್ಳಿ. ಮನೆಯ ಮಷಿನ್ನು ಆ ದಪ್ಪವನ್ನು ಮತ್ತೊಂದು ಹೊಲಿಗೆಯ ಜೊತೆ ದಾಟಲಾರದು. ಬಟ್ಟೆಯನ್ನು ಓರೆಯಾಗಿಟ್ಟು ಉಳಿತಾಯ ಮಾಡುವ ಆಸೆಯೂ ಬೇಡ. ಓರೆಗೆ ಕತ್ತರಿಸಿದ ಜೀನ್ಸು ಜೋತುಬೀಳುತ್ತದೆ.

ಶರ್ಟಿನಿಂದ ಲೈನಿಂಗಿಗೆ ಎರಡು ತುಂಡು, ಇದೇ ಅಚ್ಚಿನಿಂದ. ಒಂದನ್ನು ಬೆನ್ನಿನ ಭಾಗದಲ್ಲಿ ತೆಗೆಯಿರಿ. ಇನ್ನೊಂದನ್ನು ಜೇಬಿರುವ ಎದೆಯ ಭಾಗದಲ್ಲಿ, ಜೇಬಿನ ಬಾಯಿ ಅಚ್ಚಿನ ಮೇಲಂಚಿನಿಂದ ಒಂದು ಇಂಚು ಕೆಳಗೆ ಬರುವಂತೆ. ಪೌಚಿನೊಳಗೆ ಹೊಲಿಯದೆಯೇ ಒಂದು ಜೇಬು ಸಿಕ್ಕಿತು. ತೀರಾ ಕಪ್ಪು ಶರ್ಟು ಬೇಡ. ಒಳಗೆ ಬಿದ್ದ ಕಿವಿಯೋಲೆಯೂ ಸಿಮ್ ಕಾರ್ಡೂ ತಿಳಿ ಬಣ್ಣದ ಮೇಲೆ ಬೇಗ ಕಾಣುತ್ತವೆ. ಮಲೆನಾಡಿನವರು ಮುರಿದ ಛತ್ರಿಯ ಬಟ್ಟೆಯನ್ನೂ ಲೈನಿಂಗಿಗೆ ಹಾಕಬಹುದು, ತೇವ ಒಳಗಿಳಿಯುವುದು ಕಡಿಮೆಯಾಗುತ್ತದೆ. ಆದರೆ ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಕರಗಿ ಅಂಟುತ್ತದೆ.

ಉಳಿದವು: ದಡಿ 10 ಇಂಚು ಉದ್ದ, 3 ಇಂಚು ಅಗಲ, ಒಂದು. ಜಿಪ್ಪಿನ ತುದಿ ಮುಚ್ಚಲು ಶರ್ಟಿನ ಬಟ್ಟೆ 3 ಇಂಚು ಉದ್ದ, 1.5 ಇಂಚು ಅಗಲ, ಎರಡು. ಮುಂಗೈಗೆ ಹಾಕುವ ಲೂಪಿಗೆ ಪ್ಯಾಂಟಿನಲ್ಲಿ ಜೋಡಿ ಹೊಲಿಗೆ ಬಿದ್ದ ಬದಿಯನ್ನೇ 12 ಇಂಚು ಉದ್ದಕ್ಕೆ, ಹೊಲಿಗೆಯ ಎರಡೂ ಪಕ್ಕ ಒಂದು ನೂಲಿನಷ್ಟು ಬಟ್ಟೆ ಬಿಟ್ಟು ಕತ್ತರಿಸಿ. ಕಾರ್ಖಾನೆಯವರೇ ಮಡಿಚಿ ಹೊಲಿದ ಪಟ್ಟಿ ಅದು, ಅದಕ್ಕಿಂತ ಗಟ್ಟಿ ಹಿಡಿಕೆ ಮನೆಯಲ್ಲಿ ಹೊಲಿಯುವುದು ಕಷ್ಟ. ಅಂಚಿನಲ್ಲಿ ಸ್ವಲ್ಪ ಎಳೆ ಬಿಟ್ಟು ಕುಚ್ಚಿನ ಹಾಗಾಗುತ್ತದೆ, ಹೊಲಿಗೆಯವರೆಗೆ ಬಂದು ನಿಲ್ಲುತ್ತದೆ. ಅದೂ ಚೆಂದವೇ.

ಹಂತ 4: ಮುಂಭಾಗಕ್ಕೆ ದಡಿ

ದಡಿಯ ಎರಡೂ ಉದ್ದ ಅಂಚುಗಳನ್ನು ಅರ್ಧರ್ಧ ಇಂಚು ಉಲ್ಟಾ ಬದಿಗೆ ಮಡಿಚಿ, ಹದವಾದ ಬಿಸಿಯಲ್ಲಿ ಇಸ್ತ್ರಿ ಹಾಕಿ. ಜರಿ ಇದ್ದರೆ ಮೇಲೊಂದು ತೆಳು ಬಟ್ಟೆ ಹಾಸಿಕೊಳ್ಳಿ. ಈಗ 2 ಇಂಚಿನ ಪಟ್ಟಿ ಆಯಿತು. ಒಂದು ಜೀನ್ಸ್ ತುಂಡಿನ ಸೀದಾ ಬದಿಯ ಮೇಲೆ, ಮೇಲಂಚಿನಿಂದ 2 ಇಂಚು ಕೆಳಗೆ, ಅಡ್ಡಲಾಗಿ ಇಟ್ಟು ಗುಂಡುಸೂಜಿ ಚುಚ್ಚಿ. ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಒಂದೇ ದಿಕ್ಕಿನಲ್ಲಿ ಹೊಲಿಯಿರಿ. ಒಂದನ್ನು ಎಡದಿಂದ, ಇನ್ನೊಂದನ್ನು ಬಲದಿಂದ ಹೊಲಿದರೆ ನುಣುಪಾದ ರೇಷ್ಮೆ ತಿರುಚಿಕೊಳ್ಳುತ್ತದೆ.

ಇಲ್ಲಿ ಕೌದಿಯ ಹೊಲಿಗೆಯನ್ನು ಕರೆತನ್ನಿ. ದಡಿಯ ಮೇಲೆ, ಕಾಲು ಕಾಲು ಇಂಚಿಗೆ ಒಂದರಂತೆ, ಉದ್ದಕ್ಕೂ ಕೈಯಿಂದ ರನ್ನಿಂಗ್ ಹೊಲಿಗೆ ಹಾಕಿ. ಎರಡೆಳೆ ಬಿಳಿ ದಾರ ಅಥವಾ ದಡಿಗೆ ಎದ್ದು ಕಾಣುವ ಯಾವುದೇ ಬಣ್ಣ. ಹೊಲಿಗೆ ಸ್ವಲ್ಪ ಸೊಟ್ಟಗಾದರೂ ಪರವಾಗಿಲ್ಲ, ಸಾಲುಗಳ ನಡುವಿನ ಅಂತರ ಒಂದೇ ಇದ್ದರೆ ಸಾಕು. ಈ ಸಾಲುಗಳು ಸವೆದ ರೇಷ್ಮೆಯನ್ನು ಜೀನ್ಸಿಗೆ ಅಂಗುಲ ಅಂಗುಲಕ್ಕೂ ಕಟ್ಟಿಹಾಕುತ್ತವೆ. ಆಮೇಲೆ ಒಂದೆಳೆ ಹರಿದರೂ ದಡಿ ಸಿಡಿಯುವುದಿಲ್ಲ. ಅಂಗಡಿಯ ಪೌಚಿಗೂ ಇದಕ್ಕೂ ವ್ಯತ್ಯಾಸ ಕಾಣುವುದೂ ಇಲ್ಲಿಯೇ. ಸಮಯವಿಲ್ಲದಿದ್ದರೆ ಬೇರೆ ಯಾವ ಹಂತದಲ್ಲಾದರೂ ಅಡ್ಡದಾರಿ ಹಿಡಿಯಿರಿ, ಇದನ್ನು ಬಿಡಬೇಡಿ.

ಹಂತ 5: ಜಿಪ್ಪಿನ ತುದಿಗಳು

ಹೊಸದಾಗಿ ಕಲಿಯುವವರ ಪೌಚಿನಲ್ಲಿ ಜಿಪ್ಪಿನ ಎರಡೂ ಕೊನೆಯ ಮೂಲೆ ಗುಂಡಾಗಿ ಉಬ್ಬಿಕೊಂಡಿರುತ್ತದೆ. ಜಿಪ್ಪಿನ ಹಲ್ಲು ಬದಿಯ ಹೊಲಿಗೆಯೊಳಗೆ ಸಿಕ್ಕಿಕೊಂಡದ್ದೇ ಕಾರಣ. ತುದಿಗೆ ಬಟ್ಟೆ ಹಚ್ಚಿದರೆ ಹಲ್ಲು ಹೊಲಿಗೆಗೆ ಮುಂಚೆಯೇ ಮುಗಿಯುತ್ತದೆ.

ಜಿಪ್ಪಿಗೆ ರನ್ನರ್ ಹಾಕಿ, ನಡುವಿಗೆ ತಂದು, ಜಿಪ್ಪನ್ನು ಸರಿಯಾಗಿ 8.5 ಇಂಚಿಗೆ ಕತ್ತರಿಸಿ. ಎರಡೂ ತುದಿಗಳಲ್ಲಿ ಪಟ್ಟಿಗಳನ್ನು ಕೂಡಿಸಿ ಕೈಯಿಂದ ನಾಲ್ಕು ಹೊಲಿಗೆ ಹಾಕಿ, ರನ್ನರ್ ಕಳಚಿಹೋಗದಿರಲಿ. 3 ಇಂಚಿನ ತುಂಡಿನ ಎರಡೂ ಕೊನೆಗಳನ್ನು ಅರ್ಧರ್ಧ ಇಂಚು ಒಳಗೆ ಮಡಿಚಿ, ಮತ್ತೆ ನಡುವಿಗೆ ಮಡಿಚಿದರೆ ಒಂದು ಇಂಚಿನ ಪುಟ್ಟ ಲಕೋಟೆಯಾಗುತ್ತದೆ. ಅದರ ಬಾಯಿಗೆ ಜಿಪ್ಪಿನ ತುದಿಯನ್ನು ಕಾಲು ಇಂಚು ತೂರಿಸಿ, ಬಾಯಿಯ ಅಂಚಿನಲ್ಲೇ ಹೊಲಿಯಿರಿ. ಇನ್ನೊಂದು ಕೊನೆಗೂ ಹಾಗೆಯೇ. ಈಗ ತುದಿಯಿಂದ ತುದಿಗೆ ಸರಿಯಾಗಿ 10 ಇಂಚು ಬರಬೇಕು. ತುದಿಬಟ್ಟೆ ಜಿಪ್ಪಿಗಿಂತ ಅಗಲವಾಗಿ ಚಾಚಿದ್ದರೆ ಸಮ ಮಾಡಿ ಕತ್ತರಿಸಿ.

ಹಂತ 6: ಜಿಪ್ ಕೂರಿಸುವುದು

ಮಷಿನ್ನಿಗೆ ಒಂದೇ ಕಾಲಿನ ಜಿಪ್ ಫೂಟ್ ಹಾಕಿಕೊಳ್ಳಿ. ಹೊಲಿಗೆ ಇಂಚಿಗೆ ಎಂಟರಂತೆ ಸ್ವಲ್ಪ ಉದ್ದ ಇರಲಿ. ಸಣ್ಣ ಹೊಲಿಗೆ ಜೀನ್ಸಿನಲ್ಲಿ ಹೂತುಹೋಗುತ್ತದೆ.

ದಡಿ ಹೊಲಿದ ಜೀನ್ಸನ್ನು ಸೀದಾ ಬದಿ ಮೇಲಾಗಿ ಇಡಿ. ಅದರ ಮೇಲಂಚಿಗೆ ಜಿಪ್ಪನ್ನು ಮುಖ ಕೆಳಗಾಗಿ, ಅಂಚಿಗೆ ಅಂಚು ಕೂಡಿಸಿ ಇಡಿ. ಅದರ ಮೇಲೆ ಲೈನಿಂಗನ್ನು ಸೀದಾ ಬದಿ ಕೆಳಗಾಗಿ ಮುಚ್ಚಿ. ಅಂದರೆ ಜೀನ್ಸಿನ ಚೆಂದದ ಬದಿಯೂ ಲೈನಿಂಗಿನ ಚೆಂದದ ಬದಿಯೂ ಒಂದನ್ನೊಂದು ನೋಡುತ್ತಿವೆ, ನಡುವೆ ಜಿಪ್ಪಿದೆ. ಮೊದಲ ಸಲ ಎಲ್ಲರಿಗೂ ಇದು ತಲೆಕೆಳಗೆಂದೇ ಕಾಣುತ್ತದೆ. ಅನುಮಾನವಿದ್ದರೆ ಗುಂಡುಸೂಜಿ ಚುಚ್ಚಿ ತಿರುಗಿಸಿ ನೋಡಿ, ಆಮೇಲೆ ಕೈಯಿಂದ ಕಚ್ಚಾ ಹೊಲಿಗೆ ಹಾಕಿ. ಕಚ್ಚಾ ಹೊಲಿಗೆಗೆ ಹಿಡಿಯುವ ಐದು ನಿಮಿಷ ಬಿಚ್ಚುವ ಅರ್ಧ ಗಂಟೆಯನ್ನು ಉಳಿಸುತ್ತದೆ.

ಅಂಚಿನಿಂದ ಕಾಲು ಇಂಚಿಗೆ ಮೂರೂ ಪದರ ಸೇರಿಸಿ ಹೊಲಿಯಿರಿ. ರನ್ನರ್ ಹತ್ತಿರ ಬಂದಾಗ ಹೊಲಿಗೆ ಸೊಟ್ಟಗಾಗುವುದು ಸಹಜ. ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಫೂಟ್ ಎತ್ತಿ, ರನ್ನರನ್ನು ಹೊಲಿದಾದ ಕಡೆಗೆ ಸರಿಸಿ ಮುಂದುವರಿಯಿರಿ. ಮುಗಿದ ಮೇಲೆ ಜೀನ್ಸನ್ನೂ ಲೈನಿಂಗನ್ನೂ ಜಿಪ್ಪಿನಿಂದ ಆಚೆಗೆ ಮಡಿಚಿ, ಇಸ್ತ್ರಿ ಹಾಕಿ, ಜೀನ್ಸಿನ ಮೇಲೆ ಮಡಿಕೆಯ ಅಂಚಿಗೆ ಹತ್ತಿರವಾಗಿ ಒಂದು ಮೇಲ್ಹೊಲಿಗೆ ಹಾಕಿ. ಈ ಸಾಲು ಇಲ್ಲದಿದ್ದರೆ ಲೈನಿಂಗ್ ಪದೇಪದೇ ಜಿಪ್ಪಿನ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಜೀನ್ಸ್ ಕಂಪನಿಗಳ ಹಾಗೆ ಸಾಸಿವೆ ಬಣ್ಣದ ದಾರ ಹಾಕಿದರೆ ಒಪ್ಪುತ್ತದೆ.

ಜಿಪ್ಪಿನ ಇನ್ನೊಂದು ಪಕ್ಕಕ್ಕೆ ಉಳಿದ ಜೀನ್ಸ್ ತುಂಡನ್ನೂ ಲೈನಿಂಗನ್ನೂ ಇದೇ ರೀತಿ ಕೂಡಿಸಿ. ಎರಡೂ ಕಡೆಯ ತುಂಡುಗಳ ಬದಿಗಳು ಒಂದೇ ಗೆರೆಗೆ ಬರುತ್ತವೆಯೇ ಎಂದು ಹೊಲಿಯುವ ಮುಂಚೆ ಅಳೆದುಕೊಳ್ಳಿ.

ಹಂತ 7: ಲೂಪು

12 ಇಂಚಿನ ಪಟ್ಟಿಯನ್ನು ಮಧ್ಯಕ್ಕೆ ಮಡಿಚಿ, ಎರಡೂ ತುದಿಗಳನ್ನು ಮುಂಭಾಗದ ಜೀನ್ಸಿನ ಬಲಬದಿಯ ಅಂಚಿಗೆ, ಜಿಪ್ಪಿನಿಂದ ಒಂದು ಇಂಚು ಕೆಳಗೆ ಇಡಿ. ಲೂಪು ಪೌಚಿನ ಒಳಮುಖವಾಗಿ ಮಲಗಿರಬೇಕು, ತುದಿಗಳು ಅಂಚಿನಿಂದ ಸ್ವಲ್ಪ ಹೊರಗೆ ಚಾಚಿರಲಿ. ಅಂಚಿಗೆ ಹತ್ತಿರವಾಗಿ ಹಿಂದೆ ಮುಂದೆ ಮೂರು ಸಲ ಹೊಲಿಯಿರಿ.

ಎಳೆತವೆಲ್ಲ ಬೀಳುವುದು ಈ ಅರ್ಧ ಇಂಚಿನ ಜಾಗದ ಮೇಲೆ. ಜೀನ್ಸಿನ ಜೇಬಿನ ಮೂಲೆಯಲ್ಲಿ ತಾಮ್ರದ ರಿವೆಟ್ ಬಂದದ್ದೂ ಇದೇ ತೊಂದರೆಗೆ. ಕೂಲಿಯವರ ಪ್ಯಾಂಟಿನ ಜೇಬು ಹರಿಯದಿರಲೆಂದು ಜೇಕಬ್ ಡೇವಿಸ್ ಎಂಬ ದರ್ಜಿ ಮಾಡಿದ ಉಪಾಯಕ್ಕೆ ಅವನೂ ಲಿವೈ ಸ್ಟ್ರಾಸೂ ಸೇರಿ 1873ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು. ನಮಗೆ ರಿವೆಟ್ ಬೇಕಿಲ್ಲ. ಉಲ್ಟಾ ಬದಿಯಲ್ಲಿ ಒಂದೂವರೆ ಇಂಚಿನ ಜೀನ್ಸ್ ತುಂಡನ್ನು ಒತ್ತುಕೊಟ್ಟು ಹೊಲಿದರೆ ಸಾಕು.

ಹೆಗಲಿಗೆ ಹಾಕುವ ಉದ್ದ ಪಟ್ಟಿ ಬೇಕೆನ್ನುವವರು ಪ್ಯಾಂಟಿನ ಬೆಲ್ಟ್ ಲೂಪುಗಳನ್ನು ಬಿಚ್ಚಿ, ಒಂದೊಂದರಲ್ಲಿ ಒಂದು ಡಿ ರಿಂಗ್ ಪೋಣಿಸಿ, ಎರಡೂ ಬದಿಗೆ ಹೀಗೇ ಹೊಲಿಯಬಹುದು. ಹಳೆ ಬ್ಯಾಗಿನ ಕೊಕ್ಕೆಯಿರುವ ಪಟ್ಟಿ ಅದಕ್ಕೆ ಸಿಕ್ಕಿಸಿಕೊಂಡರೆ ಆಯಿತು.

ಹಂತ 8: ಸುತ್ತ ಹೊಲಿಯುವುದು

ಮೊದಲು ಜಿಪ್ಪನ್ನು ಅರ್ಧಕ್ಕಿಂತ ಹೆಚ್ಚು ತೆರೆಯಿರಿ. ಇದನ್ನು ಮರೆತರೆ ಎಲ್ಲ ಹೊಲಿದ ಮೇಲೆ ಪೌಚನ್ನು ತಿರುಗಿಸಲು ದಾರಿಯೇ ಇರುವುದಿಲ್ಲ.

ಎರಡು ಜೀನ್ಸ್ ತುಂಡುಗಳನ್ನು ಸೀದಾ ಬದಿ ಎದುರುಬದುರಾಗಿ ಒಂದು ಕಡೆಗೆ, ಎರಡು ಲೈನಿಂಗ್ ತುಂಡುಗಳನ್ನು ಹಾಗೆಯೇ ಇನ್ನೊಂದು ಕಡೆಗೆ ಕೂಡಿಸಿ. ಜಿಪ್ಪಿನ ಹಲ್ಲು ಲೈನಿಂಗಿನ ಕಡೆಗೆ ಬಾಗಿರಲಿ. ಲೂಪು ಒಳಗೆ ಮಲಗಿದೆಯೇ ನೋಡಿ. ಮಾಮೂಲಿ ಫೂಟ್ ಹಾಕಿ, ಅರ್ಧ ಇಂಚು ಮಾರ್ಜಿನ್ ಬಿಟ್ಟು, ಜೀನ್ಸಿನ ಚೌಕದಿಂದ ಶುರುಮಾಡಿ ಬದಿಯ ಗುಂಟ ಜಿಪ್ ದಾಟಿ ಲೈನಿಂಗಿನ ಚೌಕದವರೆಗೆ ಒಂದೇ ಗೆರೆ. ಇನ್ನೊಂದು ಬದಿಗೂ ಅಷ್ಟೇ. ಆಮೇಲೆ ಜೀನ್ಸಿನ ತಳ. ಕೊನೆಗೆ ಲೈನಿಂಗಿನ ತಳ, ಅದರಲ್ಲಿ ಮಾತ್ರ ನಡುವೆ 4 ಇಂಚು ಹೊಲಿಯದೆ ಬಿಡಿ. ಚೌಕಗಳ ಅಂಚನ್ನು ಈಗ ಮುಟ್ಟಬೇಡಿ.

ಜಿಪ್ ದಾಟುವಲ್ಲಿ ಪದರಗಳು ಕೂಡಿ ದಪ್ಪವಾಗುತ್ತದೆ. ಅಲ್ಲಿ ಪೆಡಲ್ ತುಳಿಯಬೇಡಿ, ಮೋಟಾರೂ ಬೇಡ. ಚಕ್ರವನ್ನು ಕೈಯಿಂದ ತಿರುಗಿಸಿ ಒಂದೊಂದೇ ಹೊಲಿಗೆ ಹಾಕಿ. ಅದಕ್ಕೂ ಮೊದಲು ಆ ಜಾಗವನ್ನು ಮರದ ಹಲಗೆಯ ಮೇಲಿಟ್ಟು ಸುತ್ತಿಗೆಯಿಂದಲೋ ಕುಟ್ಟಾಣಿಯಿಂದಲೋ ನಾಲ್ಕೇಟು ಹಾಕಿದರೆ ಎಳೆಗಳು ಚಪ್ಪಟೆಯಾಗಿ ಸೂಜಿ ಸಲೀಸಾಗಿ ಇಳಿಯುತ್ತದೆ. ಲೋಹದ ಗುಂಡುಸೂಜಿ ಅಲ್ಲೇ ಉಳಿದಿದ್ದರೆ ಮೊದಲು ತೆಗೆಯಿರಿ.

ಮಷಿನ್ ಇಲ್ಲದವರು ನಿಲ್ಲಬೇಕಿಲ್ಲ. ಜೋಡಿ ದಾರಕ್ಕೆ ಮೇಣದಬತ್ತಿ ಉಜ್ಜಿ, ಇಂಚಿಗೆ ಏಳೆಂಟರಂತೆ ಬ್ಯಾಕ್ ಸ್ಟಿಚ್ ಹಾಕಿದರೆ ಮಷಿನ್ ಹೊಲಿಗೆಯಷ್ಟೇ ಗಟ್ಟಿ ಬರುತ್ತದೆ. ಬೆರಳಿಗೆ ಟೋಪಿ ಹಾಕಿಕೊಳ್ಳಿ, ಜೀನ್ಸು ಬೆರಳನ್ನು ಬಿಡುವುದಿಲ್ಲ.

ಹಂತ 9: ತಳದ ಮೂಲೆಗಳು

ಚೌಕ ಕತ್ತರಿಸಿದ ಮೂಲೆಯೊಂದರ ಒಳಗೆ ಬೆರಳು ಹಾಕಿ ಎರಡು ಪದರಗಳನ್ನು ದೂರ ಮಾಡಿ. ಬದಿಯ ಹೊಲಿಗೆ ಮತ್ತು ತಳದ ಹೊಲಿಗೆ ಒಂದರ ಮೇಲೊಂದು ಕೂರುವಂತೆ ಹಿಡಿದರೆ ಚೌಕದ ಬಾಯಿ ಮುಚ್ಚಿ ನೇರ ಗೆರೆಯಾಗುತ್ತದೆ. ಎರಡು ಹೊಲಿಗೆಗಳ ಮಾರ್ಜಿನ್ನನ್ನು ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಮಲಗಿಸಿ, ದಪ್ಪ ಅರ್ಧವಾಗುತ್ತದೆ. ಅರ್ಧ ಇಂಚು ಬಿಟ್ಟು ಅಡ್ಡಲಾಗಿ ಹೊಲಿಯಿರಿ. ಜೀನ್ಸಿಗೆ ಎರಡು ಮೂಲೆ, ಲೈನಿಂಗಿಗೆ ಎರಡು. ಜೀನ್ಸಿನ ಮೂಲೆಗಳಿಗೆ ಎರಡು ಸಾಲು ಹೊಲಿಗೆ ಹಾಕಿ. ಬಸ್ಸಿನ ಸೀಟು, ಅಂಗಡಿಯ ಕಟ್ಟೆ, ಕಚೇರಿಯ ಮೇಜು ಎಲ್ಲ ಕಡೆಯೂ ನೆಲಕ್ಕೆ ಉಜ್ಜುವವು ಅವೇ.

ಹಂತ 10: ತಿರುಗಿಸಿ ಮುಗಿಸುವುದು

ಉದ್ದುದ್ದ ದಾರ ಕತ್ತರಿಸಿ, ಲೈನಿಂಗಿನಲ್ಲಿ ಬಿಟ್ಟ 4 ಇಂಚಿನ ಬಾಯಿಂದ ಜೀನ್ಸನ್ನು ಹೊರಗೆಳೆಯಿರಿ. ಮೂಲೆಗಳನ್ನು ಪೆನ್ಸಿಲಿನ ಮೊಂಡು ತುದಿಯಿಂದ ಒತ್ತಿ, ಕತ್ತರಿಯ ತುದಿ ಬೇಡ, ಬಟ್ಟೆ ತೂತಾಗುತ್ತದೆ. ಬಾಯಿಯ ಅಂಚುಗಳನ್ನು ಒಳಗೆ ಮಡಿಚಿ ಕೈಯಿಂದ ಮುಚ್ಚಿ. ಲೈನಿಂಗನ್ನು ಒಳಗೆ ತುಂಬಿ, ಮೂಲೆ ಮೂಲೆಗೆ ಕೂರಿಸಿ, ಒಂದು ಸಲ ಇಸ್ತ್ರಿ ತೋರಿಸಿ.

ಜಿಪ್ ಬಿಗಿಯಾಗಿ ಓಡಿದರೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿ. ಜಿಪ್ಪಿನ ಪಕ್ಕದಲ್ಲಿ ಸುಕ್ಕಿದ್ದರೆ ಹೊಲಿಯುವಾಗ ಬಟ್ಟೆಯನ್ನು ಜಗ್ಗಿದ್ದೀರಿ ಎಂದರ್ಥ. ಆ ಒಂದು ಸಾಲನ್ನು ಬಿಚ್ಚಿ ಸಡಿಲವಾಗಿ ಮತ್ತೆ ಹೊಲಿದರೆ ಹೋಗುತ್ತದೆ. ಪೌಚು ನಿಲ್ಲದೆ ಮಗ್ಗುಲಾದರೆ ತಳದ ಅಳತೆಗೆ, 7 ಇಂಚು ಉದ್ದ 2 ಇಂಚು ಅಗಲಕ್ಕೆ, ಎರಡು ಪದರ ಜೀನ್ಸ್ ಹೊಲಿದು ಒಳಗೆ ಹಾಸಿ. ರಟ್ಟು ಬೇಡ, ಒಗೆದಾಗ ಮೆತ್ತಗಾಗುತ್ತದೆ.

ಜೀನ್ಸಿಲ್ಲದೆ ಪೂರ್ತಿ ಸೀರೆಯಲ್ಲೇ ಹೊಲಿಯುವ ಆಸೆಯಿದ್ದರೆ ಹೊರಮೈಗೆ ಒಂದರ ಬದಲು ಮೂರು ಪದರ ತೆಗೆದುಕೊಳ್ಳಿ: ಮೇಲೆ ಸೀರೆ, ಕೆಳಗೆ ಹಳೆ ಬೆಡ್‌ಶೀಟಿನ ಎರಡು ಪದರ. ಮೂರನ್ನೂ ಸೇರಿಸಿ ಕಾಲು ಇಂಚಿನ ಅಂತರದಲ್ಲಿ ಕೌದಿ ಹೊಲಿಗೆ ಹಾಕಿದ ಮೇಲೆಯೇ ಅಚ್ಚಿಟ್ಟು ಕತ್ತರಿಸಿ. ಹೊಲಿಯುವಾಗ ಬಟ್ಟೆ ಸ್ವಲ್ಪ ಸೇದಿಕೊಳ್ಳುವುದರಿಂದ ಮೊದಲೇ ಕತ್ತರಿಸಿದರೆ ಅಳತೆ ತಪ್ಪುತ್ತದೆ. ಉಳಿದ ಹಂತಗಳೆಲ್ಲ ಇವೇ, ಸೂಜಿ ಮಾತ್ರ 14ನೇ ನಂಬರು.

ಒಗೆಯುವಾಗ ಉಲ್ಟಾ ಮಾಡಿ, ತಣ್ಣೀರಿನಲ್ಲಿ, ಕೈಯಿಂದ. ಹಿಂಡದೆ ನೆರಳಿಗೆ ಹಾಕಿ. ಮೊದಲ ಪೌಚನ್ನು ಯಾರಿಗೂ ಉಡುಗೊರೆ ಕೊಡಬೇಡಿ. ನೀವೇ ಒಂದು ತಿಂಗಳು ದಿನವೂ ಬಳಸಿ, ಎಲ್ಲಿ ಸವೆಯಿತು, ಎಲ್ಲಿ ಹೊಲಿಗೆ ಬಿಟ್ಟಿತು ಎಂದು ನೋಡಿಕೊಳ್ಳಿ. ಎರಡನೆಯದನ್ನು ಆ ಜಾಗಗಳಿಗೆ ಒತ್ತುಕೊಟ್ಟು ಹೊಲಿಯಿರಿ, ಅದನ್ನು ಧೈರ್ಯವಾಗಿ ಕೊಡಬಹುದು. ಪ್ಯಾಂಟಿನ ಇನ್ನೊಂದು ಕಾಲು ಹೇಗೂ ಉಳಿದಿದೆ.